ಮರುಳಪ್ಪನ ಮೊಣಕಾಲಿನ ಮೇಲ್ಮನವಿ

ಕಣಕಟ್ಟೆಯ ಮರುಳಪ್ಪನಿಗೂ ಬ್ರಿಟಿಷ್ ಚಕ್ರಾಧಿಪತ್ಯಕ್ಕೂ ಐದು ವರ್ಷಗಳಿಂದ ಯುದ್ಧ ನಡೆದಿತ್ತು. ಜರ್ಮನಿಯ ಕೈಸರನ ಜೊತೆಗಿನ ಯುದ್ಧ ನಾಲ್ಕೇ ವರ್ಷಕ್ಕೆ ಮುಗಿದಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಕೈಸರನ ಹತ್ತಿರ ಫಿರಂಗಿಗಳಿದ್ದವು, ನೀರೊಳಗೆ ಓಡಾಡುವ ಹಡಗುಗಳಿದ್ದವು. ಮರುಳಪ್ಪನ ಹತ್ತಿರ ಇದ್ದದ್ದು ಮಡಿಸಲು ಬಾರದ ಒಂದು ಬಲಗಾಲು, ಮಡಿಸಿ ಮಡಿಸಿ ಹರಿದುಹೋದ ಒಂದು ಕಟ್ಟು ಕಾಗದ, ಅಷ್ಟೆ. ಆದರೂ ಸೋತೆನೆಂದು ಒಪ್ಪಿಕೊಂಡವನು ಕೈಸರನೇ ಹೊರತು ಮರುಳಪ್ಪನಲ್ಲ.

ಕಾಲಿನ ಕಥೆ ದೊಡ್ಡದೇನಲ್ಲ. ಮಹಾಯುದ್ಧದ ಕಾಲಕ್ಕೆ ಮರುಳಪ್ಪ ಒಂದು ತೆಂಗಿನ ಮರದ ಸಲುವಾಗಿ ಅಣ್ಣನ ಸಂಗಡ ಜಗಳ ಮಾಡಿಕೊಂಡು, ಮುನಿಸಿನಲ್ಲಿ ಅರಸೀಕೆರೆಗೆ ನಡೆದು ಬಂದ. ಅಲ್ಲಿ ಸೈನ್ಯಕ್ಕೆ ಆಳು ಸೇರಿಸುತ್ತಿದ್ದವರು ಅವನಿಗೆ ಒಂದು ಜೊತೆ ಬೂಟು ತೋರಿಸಿದರು. ಅಂಥ ಬೂಟು ಕಣಕಟ್ಟೆಯಲ್ಲಿ ಯಾರ ಕಾಲಲ್ಲೂ ಇರಲಿಲ್ಲ. ಹಾಕಿಕೊಂಡು ನೋಡೋಣವೆಂದು ಹಾಕಿಕೊಂಡ; ಬಿಚ್ಚುವಷ್ಟರಲ್ಲಿ ಬಸ್ರಾ ಬಂದಿತ್ತು. ಆ ಮರಳುಗಾಡಿನಲ್ಲಿ ಅವನು ಮದ್ದುಗುಂಡು ತುಂಬಿದ ಹೇಸರಗತ್ತೆಯ ಗಾಡಿ ಹೊಡೆದ. ಒಂದು ಮಧ್ಯಾಹ್ನ ತುರ್ಕರ ಗುಂಡೊಂದು ಅರ್ಧ ಮೈಲಿ ಆಚೆ ಬಂದು ಬಿತ್ತು. ಮರುಳಪ್ಪ ಹೆದರಲಿಲ್ಲ, ಹೇಸರಗತ್ತೆ ಹೆದರಿತು. ಗಾಡಿ ಮಗುಚಿ, ಚಕ್ರ ಅವನ ಮೊಣಕಾಲಿನ ಮೇಲೆ ಹಾಯಿತು. ಮೂಳೆಯೇನೋ ಕೂಡಿಕೊಂಡಿತು; ಮೊಣಕಾಲು ಮಾತ್ರ ಬಾಗುವ ಅಭ್ಯಾಸವನ್ನು ಬಿಟ್ಟುಬಿಟ್ಟಿತು. ಶತ್ರುವಿನೆದುರು ಬಾಗದ ಕಾಲು ಎಂದು ಮರುಳಪ್ಪ ಅದನ್ನು ವರ್ಣಿಸುತ್ತಿದ್ದ. (ಮಿತ್ರರೆದುರೂ ಅದು ಬಾಗುತ್ತಿರಲಿಲ್ಲ, ಆ ಮಾತು ಬೇರೆ.)

ಅವನು ನಿಲ್ಲಬಲ್ಲ, ನಡೆಯಬಲ್ಲ, ತೋಟಕ್ಕೆ ಹೋಗಿ ಕಾಯಿ ಎಣಿಸಬಲ್ಲ. ಆದರೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲಾರ. ಊಟ, ಪೂಜೆ, ಪಂಚಾಯಿತಿ ಎಲ್ಲವೂ ನೆಲದ ಮೇಲೇ ನಡೆಯುವ ಊರಿನಲ್ಲಿ ಇದೇನು ಸಣ್ಣ ಕಷ್ಟವಲ್ಲ. ಯುದ್ಧದಿಂದ ಬಂದ ವರ್ಷ ಹಳೇಬೀಡಿನಲ್ಲಿ ಷಡ್ಡಕನ ಮನೆಯ ಮದುವೆ. ಪಂಕ್ತಿಯಲ್ಲಿ ಮರುಳಪ್ಪನ ಬಲಗಾಲು ನೀಟಾಗಿ ಎದುರು ಸಾಲಿನವರೆಗೆ ಚಾಚಿಕೊಂಡು, ಎದುರಿಗೆ ಕೂತ ಬೀಗರ ಎಲೆಯ ಮೇಲೆ ಉಪ್ಪಿನಕಾಯಿಗೂ ಪಾಯಸಕ್ಕೂ ನಡುವೆ ಹಿಮ್ಮಡಿಯಾಗಿ ಪ್ರತ್ಯಕ್ಷವಾಯಿತು. ಬೀಗರು ಎದ್ದುಹೋದರು. ಅಂದಿನಿಂದ ಯಾರ ಮನೆಯ ಊಟಕ್ಕೆ ಹೋದರೂ ಮರುಳಪ್ಪನಿಗೆ ಬೀದಿಯ ಜಗಲಿಯ ಮೇಲೆ ಒಂಟಿ ಎಲೆ. ಸಮುದ್ರ ದಾಟಿ ಹೋಗಿ ಬಂದ ಸಿಪಾಯಿ, ಜಗಲಿಯಿಂದ ಕಾಲು ಇಳಿಬಿಟ್ಟುಕೊಂಡು, ಬೀದಿನಾಯಿಗಳ ಸಮಕ್ಷಮದಲ್ಲಿ ಉಣ್ಣಬೇಕು.

ಇದಕ್ಕಿಂತ ಹೆಚ್ಚಾಗಿ ಅವನನ್ನು ಸುಡುತ್ತಿದ್ದದ್ದು ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿ ಕಲ್ಲೇಶಪ್ಪನ ಮಾತು.

"ಯುದ್ಧವೂ ಇಲ್ಲ, ಗಿದ್ಧವೂ ಇಲ್ಲ ಕಣ್ರಪ್ಪ," ಎಂದು ಕಲ್ಲೇಶಪ್ಪ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ. "ಅಣ್ಣನ ಮರಕ್ಕೆ ಹತ್ತಿ ಕಾಯಿ ಕೀಳಕ್ಕೆ ಹೋಗಿ ಬಿದ್ದಿದ್ದು. ಬಸ್ರಾ ಅಂತೆ ಬಸ್ರಾ."

ಹಾಗಾಗಿ ಮರುಳಪ್ಪನಿಗೆ ಬೇಕಾಗಿದ್ದದ್ದು ತಿಂಗಳ ಪಿಂಚಣಿಯಲ್ಲ. (ಬಂದರೆ ಬೇಡವೆನ್ನುವವನೂ ಅಲ್ಲ.) ಈ ಕಾಲು ಯುದ್ಧದಲ್ಲೇ ಹೋಯಿತು, ಇದು ಅಂಗವೈಕಲ್ಯವೇ ಸೈ ಎಂದು ಸರ್ಕಾರ ಮೊಹರು ಒತ್ತಿ ಕೊಡುವ ಒಂದು ಕಾಗದ ಬೇಕಾಗಿತ್ತು. ಅದನ್ನು ಕಲ್ಲೇಶಪ್ಪನ ಮೂಗಿನ ಮುಂದೆ ಹಿಡಿಯುವ ದಿನಕ್ಕಾಗಿ ಅವನು ಬದುಕಿದ್ದ.

ಮೊದಲನೆಯ ದಾಳಿ ಬೆಂಗಳೂರಿನ ದಂಡಿನಲ್ಲಿ ನಡೆಯಿತು. ವೈದ್ಯಾಧಿಕಾರಿ ಮೇಜಿನ ಹಿಂದೆ ಕೂತಿದ್ದರು. "ನಿಲ್ಲು" ಎಂದರು, ನಿಂತ. "ನಡೆ" ಎಂದರು, ನಡೆದ. ಕವಾಯತಿನ ನೆನಪಾಗಿ ಎದೆಯುಬ್ಬಿಸಿ ಸ್ವಲ್ಪ ಜೋರಾಗಿಯೇ ನಡೆದ. "ಕೂತ್ಕೋ" ಎಂದು ಕುರ್ಚಿ ತೋರಿಸಿದರು. ಮರುಳಪ್ಪ ಕುರ್ಚಿಯ ಮೇಲೆ ಕೂತ. ಅವನ ಕಾಲು ಮೇಜಿನ ಕೆಳಗೆ ಕೋಲಿನಂತೆ ಚಾಚಿಕೊಂಡದ್ದು ಮೇಜಿನ ಆಚೆಯಿದ್ದ ಅಧಿಕಾರಿಗೆ ಕಾಣಲಿಲ್ಲ. ನಿಲ್ಲುತ್ತಾನೆ, ನಡೆಯುತ್ತಾನೆ, ಕೂರುತ್ತಾನೆ; ವೈಕಲ್ಯ ಶೂನ್ಯ ಎಂದು ತೀರ್ಪಾಯಿತು.

ಇಲ್ಲಿಂದ ಮುಂದೆ ಸೇನಾಪತಿತ್ವ ವಹಿಸಿದವರು ಅರಸೀಕೆರೆಯ ಅರ್ಜಿ ಬರೆಯುವ ಷಡಕ್ಷರಪ್ಪನವರು. ರೈಲು ನಿಲ್ದಾಣದ ಎದುರು ಒಂದು ಚಾಪೆ, ಒಂದು ಡೆಸ್ಕು, ಮೂರು ಬಣ್ಣದ ಮಸಿ ಇಟ್ಟುಕೊಂಡು ಕೂತಿದ್ದ ಅವರು ಇಂಗ್ಲಿಷಿನಲ್ಲಿ ಅಪೀಲು ಬರೆಯುತ್ತಿದ್ದರು, ಬಂದ ಉತ್ತರವನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದರು. ಅವರ ಮೊದಲ ಅಪೀಲು ವಾಪಸು ಬಂತು: ಅರ್ಜಿದಾರನು ಏನನ್ನು ಮಾಡಲಾರನೆಂಬುದನ್ನು ಅರ್ಜಿದಾರನು ತಿಳಿಸಿರುವುದಿಲ್ಲ. ನೆಲದ ಮೇಲೆ ಕೂತು ಉಣ್ಣಲಾರ ಎಂದು ಎರಡನೆಯದರಲ್ಲಿ ತಿಳಿಸಿದರು. ಅದೂ ವಾಪಸು: ಉಣ್ಣುವ ಭಂಗಿಯನ್ನು ಸರ್ಕಾರ ನಿಗದಿ ಮಾಡಿರುವುದಿಲ್ಲ. ಮೂರನೆಯದರಲ್ಲಿ ಷಡಕ್ಷರಪ್ಪನವರು ಮೂರು ಬಣ್ಣದ ಮಸಿಯನ್ನೂ ಬಳಸಿ, ಪಂಕ್ತಿಭೋಜನವೆಂದರೇನು, ಅದರಿಂದ ಹೊರಗುಳಿದವನ ಬದುಕೇನು ಎಂಬುದನ್ನು ಹನ್ನೊಂದು ಪುಟ ಬರೆದರು. ಬಹುಶಃ ಅದನ್ನು ಓದಿ ಯಾರಿಗೋ ಹಸಿವಾಗಿರಬೇಕು. ಉತ್ತರ ಬಂತು: ಹಿಂದಿನ ತೀರ್ಪನ್ನು ಬದಿಗಿಟ್ಟಿದೆ. ಪ್ರಕರಣವನ್ನು ಮರುವಿಚಾರಣೆಗೆ ವಾಪಸು ಕಳಿಸಿದೆ. ವೈದ್ಯಾಧಿಕಾರಿಯೊಬ್ಬರು ಅರ್ಜಿದಾರನ ಮನೆಗೇ ಬಂದು, ಅವನು ಉಣ್ಣುವ ಕ್ರಮವನ್ನು ಕಣ್ಣಾರೆ ಕಂಡು ವರದಿ ಮಾಡತಕ್ಕದ್ದು.

"ಗೆದ್ದೆವು ಮರುಳಪ್ಪನೋರೆ," ಎಂದರು ಷಡಕ್ಷರಪ್ಪನವರು. "ಇನ್ನು ನೀವೇನೂ ಮಾಡಬೇಕಾಗಿಲ್ಲ. ಕೂತರೆ ಸಾಕು. ಅಂದ್ರೆ, ಕೂರಲಾರದೆ ಹೋದರೆ ಸಾಕು."

ಮನೆಗೆ ಬಂದ ಮರುಳಪ್ಪ ಸುದ್ದಿಯನ್ನು ಹೆಂಡತಿ ರುದ್ರಮ್ಮನ ಮುಂದಿಟ್ಟ. ರುದ್ರಮ್ಮ ಬೇಲೂರಿನ ಹೆಣ್ಣು. ಬೇಲೂರಿನವರಿಗೆ ಬೇರೆಯವರ ಮನೆಯ ಅಡಿಗೆಯನ್ನು ಕಂಡರೆ ಮೂಡುವ ಒಂದು ಕರುಣೆಯ ಮುಗುಳ್ನಗೆ ಇರುತ್ತದೆ; ರುದ್ರಮ್ಮನಲ್ಲಿ ಅದು ಹುಟ್ಟಿನಿಂದಲೇ ಇತ್ತು.

"ಡಾಕ್ಟ್ರು ಬಂದು ಏನ್ ನೋಡ್ತಾರೆ?" ಎಂದಳು.

"ನಾನು ಉಣ್ಣೋದ್ನ."

"ನೀವು ಉಣ್ಣೋದ್ನ ಅವರು ಸುಮ್ನೆ ನೋಡ್ತಾ ಕೂತಿರ್ತಾರಾ? ಮನೇಗೆ ಬಂದೋರ್ನ ಬರೀ ಬಾಯಲ್ಲಿ ಕೂರ್ಸಿ ನೀವು ಉಣ್ತೀರಾ? ನಮ್ಮಪ್ಪನ ಮನೇಲಿ ಕೇಳಿದ್ರೆ ಏನಂದಾರು?"

"ಅದು ಸರ್ಕಾರಿ ತನಿಖೆ ಕಣೇ."

"ತನಿಖೆಗೂ ಎಲೆ ಹಾಕ್ತೀನಿ. ಒಬ್ಬಟ್ಟು ಮಾಡ್ತೀನಿ. ಒಂದು ಮಾತು ಮಾತ್ರ ಕೇಳಿ. ಆವತ್ತು ಬೆಂಗಳೂರಲ್ಲಿ ನಮ್ಮ ಕೇಸು ಕೆಡ್ಸಿದ್ದು ಯಾವ್ದು?"

ಮರುಳಪ್ಪ ಯೋಚಿಸಿದ. "ಡಾಕ್ಟ್ರು."

"ಕುರ್ಚಿ," ಎಂದಳು ರುದ್ರಮ್ಮ. "ಈ ಮನೆ ಹೊಸ್ತಿಲೊಳಕ್ಕೆ ಒಂದು ಕುರ್ಚಿ ಬರಕೂಡ್ದು. ಇಬ್ರೂ ನೆಲದ ಮೇಲೆ ಎದುರುಬದುರು ಕೂರ್ಬೇಕು. ಅವರು ನೀಟಾಗಿ ಕಾಲು ಮಡಿಸ್ಕೊಂಡು ಕೂತಿರ್ತಾರೆ. ನೀವು ಕಂಬ ಉರುಳಿಸ್ದಂಗೆ ಕೂತಿರ್ತೀರಿ. ಆಗ ಕಣ್ಣಿದ್ದೋರ್ಗೆ ಕಾಣುತ್ತೆ."

ಮರುಳಪ್ಪ ಬೆರಗಾದ. ಬಸ್ರಾದಲ್ಲಿ ಅವನು ಕಂಡಿದ್ದ ಜನರಲ್ಲುಗಳ ಪೈಕಿ ಇಂಥ ವ್ಯೂಹ ರಚಿಸಬಲ್ಲವರು ಒಬ್ಬರೂ ಇರಲಿಲ್ಲ.

ಗೊತ್ತಾದ ದಿನ ರುದ್ರಮ್ಮ ಕೋಳಿ ಕೂಗುವ ಹೊತ್ತಿಗೇ ಬೇಳೆ ಬೇಯಿಸಿದಳು. ಒರಳಿನಲ್ಲಿ ಹೂರಣ ರುಬ್ಬಿದಳು. ತೋಟದ ಕಾಯಲ್ಲೇ ಬಲಿತದ್ದನ್ನು ಆರಿಸಿ ಕಾಯಿಹಾಲು ಹಿಂಡಿದಳು. ನಡುನಡುವೆ ಗಂಡನಿಗೆ ಆಜ್ಞೆಗಳೂ ಹೊರಡುತ್ತಿದ್ದವು. "ಇವತ್ತೊಂದಿನ ಶೌರ್ಯ ತೋರಿಸ್ಬೇಡಿ. ನೋಯ್ತದಾ ಅಂದ್ರೆ ನೋಯ್ತದೆ ಅನ್ನಿ. ಎದೆ ಉಬ್ಬಿಸ್ಬೇಡಿ. ಮೀಸೆ ತಿರುವ್ಬೇಡಿ."

ಅಷ್ಟರಲ್ಲಿ ಕಲ್ಲೇಶಪ್ಪ ತಾನೇ ತಲೆಯ ಮೇಲೆ ಹೊತ್ತುಕೊಂಡು ಒಂದು ಕುರ್ಚಿ ತಂದ. ಕಣಕಟ್ಟೆಯಲ್ಲಿ ಆಗ ಇದ್ದದ್ದೇ ಎರಡು ಕುರ್ಚಿ; ಒಂದು ಶಾಲೆಯದು, ಒಂದು ಕಲ್ಲೇಶಪ್ಪನದು.

"ದೊಡ್ಡ ಸಾಹೇಬ್ರು ಬತ್ತಾವ್ರೆ. ನೆಲದ್ ಮೇಲೆ ಕೂರ್ಸಿದ್ರೆ ಊರ ಮಾನ ಏನಾಯ್ತದೆ?" ಎಂದ. ಮಾನದ ಪ್ರಶ್ನೆ ಬಂದಾಗ ಅವನು ಜಗಳವನ್ನೂ ಮರೆಯುವವನು.

"ಊರ ಮಾನ ಜಗಲಿ ಮೇಲಿರ್ಲಿ, ಒಳಕ್ಕೆ ಬೇಡ," ಎಂದು ರುದ್ರಮ್ಮ ಬಾಗಿಲಿಗೆ ಅಡ್ಡ ನಿಂತಳು.

ಹೊತ್ತು ತಂದದ್ದನ್ನು ಮತ್ತೆ ಹೊರಲಾರದೆ ಕಲ್ಲೇಶಪ್ಪ ಅದನ್ನು ಜಗಲಿಯ ಮೇಲೇ ಹಾಕಿ, ತಾನೇ ಅದರ ಮೇಲೆ ಕೂತ. ತನಿಖೆಯನ್ನು ನೋಡಲು ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇರಲಿಲ್ಲ.

ಹನ್ನೆರಡು ಗಂಟೆಗೆ ಡಾಕ್ಟರ್ ಇಂದುಧರರು ಬಂದರು. ಹಣೆಯಲ್ಲಿ ವಿಭೂತಿ, ಮೈಮೇಲೆ ಸೂಟು, ಎರಡರ ನಡುವೆ ವಿಶಾಲವಾದ ನಗುಮುಖ. ಸೂಟಿನ ಒಳಗಿದ್ದ ದೇಹ ಸೂಟನ್ನು ಹೊಲಿಸಿದ ಮೇಲೆಯೂ ಬೆಳೆದಿತ್ತೆಂಬುದು ಗುಂಡಿಗಳ ಮುಖ ನೋಡಿದರೇ ತಿಳಿಯುತ್ತಿತ್ತು. ವಿಭೂತಿ ಕಂಡು ರುದ್ರಮ್ಮನಿಗೆ ಸಮಾಧಾನವಾಯಿತು. ನಮ್ಮವರೇ, ಎಲೆಯ ಮುಂದೆ ಸಂಕೋಚ ಮಾಡುವವರಲ್ಲ.

"ಊಟವೇ? ನಾನು ನೋಡಿ ಹೋಗೋಣ ಅಂತ ಬಂದೆ," ಎಂದ ಡಾಕ್ಟರು, ಒಳಗಿನಿಂದ ಬಂದ ಏಲಕ್ಕಿಯ ಪರಿಮಳವನ್ನು ಒಮ್ಮೆ ಎಳೆದುಕೊಂಡು, "ಆಗಲಿ, ನಿಮ್ಮ ಮನಸ್ಸು ಯಾಕೆ ನೋಯಿಸಲಿ," ಎಂದರು.

ನಡುಮನೆಯಲ್ಲಿ ಎದುರುಬದುರು ಎರಡು ಮಣೆ. ಮರುಳಪ್ಪ ಗೋಡೆ ಹಿಡಿದು, ಓರೆಯಾಗಿ ಇಳಿದು, ಬಲಗಾಲನ್ನು ನೆಟ್ಟಗೆ ಚಾಚಿ ಕೂತ. ರುದ್ರಮ್ಮ ಅಡಿಗೆಮನೆಯ ಬಾಗಿಲಿನಿಂದ ನೋಡಿದಳು. ತೀರಾ ಚೆನ್ನಾಗಿತ್ತು, ಉರುಳಿಸಿದ ಕಂಬವೇ. ಈಗ ಡಾಕ್ಟರು ಬೂಟು ಬಿಚ್ಚಿ, ಮಣೆಯ ಮೇಲೆ ನಿಂತು, ಕೆಳಗೆ ನೋಡಿದರು. ನೆಲ ಅವರಿಂದ ಬಹಳ ದೂರದಲ್ಲಿತ್ತು.

"ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲೂ ನೆಲದ ಮೇಲೇ ಊಟ," ಎಂದರು. ಬಳಿಕ ಮರುಳಪ್ಪನ ಭುಜದ ಮೇಲೆ ಒಂದು ಕೈ, ಗೋಡೆಯ ಮೇಲೆ ಒಂದು ಕೈ ಊರಿ, ನಿಧಾನವಾಗಿ ಇಳಿಯತೊಡಗಿದರು. ಮುಕ್ಕಾಲು ದಾರಿಯವರೆಗೆ ಕ್ರಮವಾಗಿಯೇ ಇಳಿದರು, ಉಳಿದ ಕಾಲುಭಾಗ ಒಂದೇ ಸಲಕ್ಕೆ ಇಳಿದರು. ಕಾಲು ಮಡಿಸಲು ನೋಡಿದರು. ಇಪ್ಪತ್ತೆರಡು ವರ್ಷ ಕುರ್ಚಿಯ ಮೇಲೆ ಕಳೆದ ಕಾಲು ಮಾತು ಕೇಳಲಿಲ್ಲ. ಎರಡು ಸಲ ಪ್ರಯತ್ನಿಸಿ, ಪ್ಯಾಂಟಿನ ಹೊಲಿಗೆ ಎಚ್ಚರಿಕೆಯ ದನಿ ಮಾಡಿದ ಮೇಲೆ, ಬಲಗಾಲನ್ನು ಹಾಗೆಯೇ ಚಾಚಿಬಿಟ್ಟರು.

ಹೀಗಾಗಿ ನಡುಮನೆಯಲ್ಲಿ ಈಗ ಗೋಡೆಯಿಂದ ಗೋಡೆಗೆ ಎರಡು ಕಾಲು ಅಗಳಿ ಹಾಕಿದಂತೆ ಬಿದ್ದಿದ್ದವು. ಡಾಕ್ಟರ ಎಲೆಯನ್ನು ಅವರ ಕಾಲಿನ ಆಚೆ, ಬೀದಿ ಬಾಗಿಲ ಕಡೆಗೆ ಸರಿಸಬೇಕಾಯಿತು. ಅಡಿಗೆಮನೆ ಈಚೆ. ಊಟಕ್ಕೆ ಕೂತವರ ಕಾಲು ದಾಟುವುದುಂಟೆ, ಅದೂ ಅತಿಥಿಯ ಕಾಲು? ರುದ್ರಮ್ಮ ಕ್ಷಣ ನಿಂತು, ಒಬ್ಬಟ್ಟಿನ ತಟ್ಟೆ ಹಿಡಿದು, ಹಿತ್ತಲ ಬಾಗಿಲಿನಿಂದ ಹೊರಟು, ಓಣಿ ಬಳಸಿ, ಬೀದಿಗೆ ಬಂದು, ಜಗಲಿ ಹತ್ತಿ, ಮುಂಬಾಗಿಲಿನಿಂದ ಒಳಗೆ ಬಂದು ಬಡಿಸಿದಳು. ತುಪ್ಪಕ್ಕೆ ಮತ್ತೊಮ್ಮೆ ಪ್ರದಕ್ಷಿಣೆ. ಕಾಯಿಹಾಲಿಗೆ ಮತ್ತೊಮ್ಮೆ.

"ಏನ್ ರುದ್ರಮ್ಮ," ಎಂದ ಕುರ್ಚಿಯ ಮೇಲಿದ್ದ ಕಲ್ಲೇಶಪ್ಪ, ನಾಲ್ಕನೆಯ ಸುತ್ತಿನಲ್ಲಿ. "ಒಬ್ಬಟ್ಟಿಗೆ ಮೆರವಣಿಗೆ ಮಾಡ್ಸ್ತಾ ಇದೀಯಾ?"

ಅವಳು ಅವನನ್ನು ದಾಟಿ ಒಳಗೆ ನಡೆದಳು. ಉಸಿರು ಒಬ್ಬಟ್ಟಿಗಾಗಿ ಬೇಕಾಗಿತ್ತು.

ಒಳಗೆ ತನಿಖೆ ಭರದಿಂದ ಸಾಗಿತ್ತು. "ನೋಯುತ್ತದೆಯೇ?" ಎಂದು ಡಾಕ್ಟರು ಕೇಳಿದರು.

"ನೋಯ್ತದೆ ಸ್ವಾಮಿ," ಎಂದ ಮರುಳಪ್ಪ, ಪಾಠ ಒಪ್ಪಿಸುವಂತೆ.

"ನನಗೂ," ಎಂದರು ಡಾಕ್ಟರು, ಮೂರನೆಯ ಒಬ್ಬಟ್ಟನ್ನು ಕಾಯಿಹಾಲಿನಲ್ಲಿ ಅದ್ದುತ್ತ. ಮಾತು ಅಲ್ಲಿಂದ ಬಸ್ರಾಕ್ಕೆ ಹೋಯಿತು, ಅಲ್ಲಿಯ ಖರ್ಜೂರಕ್ಕೆ ಹೋಯಿತು. ಖರ್ಜೂರಕ್ಕಿಂತ ಕಣಕಟ್ಟೆಯ ಕಾಯಿ ಮೇಲೆಂದು ಇಬ್ಬರೂ ಒಪ್ಪಿದರು. ಡಾಕ್ಟರು ಏಳು ಒಬ್ಬಟ್ಟು ತಿಂದರು. ಮರುಳಪ್ಪ ಸಿಪಾಯಿಯಾದ್ದರಿಂದ ಹಿಂದೆ ಬೀಳಬಾರದೆಂದು ಒಂಬತ್ತು ತಿಂದ.

ಉಂಡವರು ಏಳಬೇಕಲ್ಲ. ಡಾಕ್ಟರು ಎಳೆದಾಡಿ ಸೋತು ಕೂತಾಗ, ಮರುಳಪ್ಪನ ಒಳಗಿದ್ದ ಹವಾಲ್ದಾರ ಎಚ್ಚೆತ್ತ. "ಹಂಗಲ್ಲ ಸ್ವಾಮಿ. ಮೊದ್ಲು ಎಡಕ್ಕೆ ಹೊರಳ್ಬೇಕು. ಅಂಗೈ ಊರ್ಬೇಕು. ಈಗ ನೋಡಿ." ಎನ್ನುತ್ತಲೇ ಸರ್ರನೆ ಎದ್ದು ನಿಂತ.

"ಎಷ್ಟು ಸಲೀಸು," ಎಂದು ಡಾಕ್ಟರು ಮೆಚ್ಚಿದರು.

"ಇನ್ನೊಂದ್ಸಲ ತೋರಿಸ್ತೀನಿ," ಎಂದು ಮರುಳಪ್ಪ ಮತ್ತೆ ಕೂತು ಮತ್ತೆ ಎದ್ದ. ಅಡಿಗೆಮನೆಯಲ್ಲಿ ಸೌಟು ಪಾತ್ರೆಗೆ ಬಡಿಯಿತು. ಅವನಿಗೆ ಕೇಳಿಸಲಿಲ್ಲ. ಮೂರನೆಯ ಸಲ ಗೋಡೆಯನ್ನೂ ಮುಟ್ಟದೆ ಎದ್ದು, ಮೀಸೆ ತಿರುವಿದ. ಸೌಟು ಇನ್ನೂ ಜೋರಾಗಿ ಬಡಿಯಿತು.

ಆರು ವಾರದ ಮೇಲೆ ಆದೇಶ ಬಂತು. ಗಂಡಹೆಂಡಿರಿಬ್ಬರೂ ಅರಸೀಕೆರೆಗೆ ಹೋಗಿ ಷಡಕ್ಷರಪ್ಪನವರ ಚಾಪೆಯ ಮುಂದೆ ನಿಂತರು. ಅವರು ಕನ್ನಡಕ ಏರಿಸಿ, ಒಂದೊಂದೇ ವಾಕ್ಯವನ್ನು ಗಂಭೀರವಾದ ಕನ್ನಡಕ್ಕೆ ಇಳಿಸತೊಡಗಿದರು.

"'ಅರ್ಜಿದಾರನ ಬಲಗಾಲು ಮಡಿಸಲು ಬರುವುದಿಲ್ಲವೆಂಬುದು ಸರಿ. ಪರಂತು ಈ ತನಿಖಾಧಿಕಾರಿಯ ಕಾಲೂ ಮಡಿಸಲು ಬರುವುದಿಲ್ಲ. ತನಿಖಾಧಿಕಾರಿಯು ಇದೇ ಕಾಲಿನಿಂದ ಇಪ್ಪತ್ತೆರಡು ವರ್ಷ ಸರ್ಕಾರದ ಸೇವೆ ಮಾಡಿರುತ್ತಾನೆ. ಈ ಭಂಗಿಯಿಂದ ಭೋಜನಕ್ಕೆ ಅಡಚಣೆಯಾಗುವುದೆಂಬ ವಾದವನ್ನು ಖುದ್ದಾಗಿ ಪರೀಕ್ಷಿಸಲಾಯಿತು. ಇಬ್ಬರೂ ಒಂದೇ ಭಂಗಿಯಲ್ಲಿ ಕೂತು, ತನಿಖಾಧಿಕಾರಿಯು ಏಳು ಒಬ್ಬಟ್ಟುಗಳನ್ನೂ ಅರ್ಜಿದಾರನು ಒಂಬತ್ತನ್ನೂ ಯಾವ ಅಡಚಣೆಯೂ ಇಲ್ಲದೆ ಸೇವಿಸಿರುತ್ತಾರೆ. ಅರ್ಜಿದಾರನ ಹೆಂಡತಿ ಮಾಡಿದ ಒಬ್ಬಟ್ಟು ಅತ್ಯುತ್ತಮವಾಗಿತ್ತು. ಹೂರಣ ನುಣ್ಣಗಿತ್ತು. ಕಾಯಿಹಾಲು ಮೊದಲ ಹಿಂಡಿನದು. ಏಳುವ ವಿಷಯದಲ್ಲಿ ಅರ್ಜಿದಾರನು ತನಿಖಾಧಿಕಾರಿಗಿಂತ ಸಮರ್ಥನು. ವೈಕಲ್ಯ: ಶೂನ್ಯ. ಕಾಲಿಗೆ ಪೆಟ್ಟು ಎಲ್ಲಿ ಬಿತ್ತೆಂಬ ವಿಚಾರ ಆದ್ದರಿಂದ ಅನವಶ್ಯಕ.'"

ಮರುಳಪ್ಪನ ಮುಖ ಕಪ್ಪಿಟ್ಟಿತು. ಕಾಲು ಯುದ್ಧದಲ್ಲಿ ಹೋಯಿತೆಂದು ನಂಬದ ಸರ್ಕಾರ, ಕಾಯಿಹಾಲು ಎಷ್ಟನೆಯ ಹಿಂಡಿನದೆಂಬುದನ್ನು ಮಾತ್ರ ಮೊಹರು ಹಾಕಿ ನಂಬಿತ್ತು.

"ಆ ನಡುವಿನ ಸಾಲು ಇನ್ನೊಂದ್ಸಲ ಓದಿ," ಎಂದಳು ರುದ್ರಮ್ಮ.

"ಯಾವುದಮ್ಮ?"

"ಹೂರಣದ್ದು."

ಓದಿದರು. ಮೂರು ಸಲ ಓದಿದರು. ರುದ್ರಮ್ಮ ಕಾಗದವನ್ನು ಇಸಿದುಕೊಂಡು, ಕಣ್ಣಿಗೊತ್ತಿ, ಸೆರಗಿನಲ್ಲಿ ಕಟ್ಟಿಕೊಂಡಳು. ಊರಿಗೆ ಬಂದವಳೇ ಅದನ್ನು ಮದುವೆಯ ಸೀರೆಯ ಮಡಿಕೆಯೊಳಗಿಟ್ಟು, ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿದಳು. ವಾರದೊಳಗೆ ಬೇಲೂರಿನ ತವರಿನವರು ಗಾಡಿ ಕಟ್ಟಿಕೊಂಡು ಬಂದು ಮೊಹರು ನೋಡಿಹೋದರು. ಕಲ್ಲೇಶಪ್ಪನ ಹೆಂಡತಿ ಮಹದೇವಮ್ಮ, ಹದಿನೈದು ವರ್ಷದಿಂದ ತನ್ನ ಒಬ್ಬಟ್ಟೇ ಮೇಲೆಂದು ಹೇಳಿಕೊಂಡು ಬಂದವಳು, ಹಿತ್ತಲ ಕಡೆಯಿಂದ ಬಂದು, "ಹೂರಣಕ್ಕೆ ಬೆಲ್ಲ ಯಾವಾಗ ಹಾಕ್ತೀಯಾ ರುದ್ರಮ್ಮ," ಎಂದು ತಗ್ಗಿದ ದನಿಯಲ್ಲಿ ಕೇಳಿದಳು. ಊರಲ್ಲಿ ಮರುಳಪ್ಪನನ್ನು ಕಂಡವರು ಸಿಪಾಯಿ ಎನ್ನುವುದನ್ನು ಬಿಟ್ಟು, ಸರ್ಕಾರದ ಒಬ್ಬಟ್ಟಿನ ರುದ್ರಮ್ಮನ ಗಂಡ ಎನ್ನತೊಡಗಿದರು.

ಮರುಳಪ್ಪ ಸುಮ್ಮನೆ ಕೂರುವವನೆ? ಅಪೀಲಿಗೆ ಅರುವತ್ತು ದಿನದ ಗಡುವಿತ್ತು. ಅವನು ಷಡಕ್ಷರಪ್ಪನವರ ಬಳಿ ಓಡಿದ.

"ಎರಡು ಕೆಲಸ," ಎಂದರು ಅವರು. "ಒಂದು, ಅಸಲು ಆದೇಶ ಲಗತ್ತಿಸಬೇಕು. ಎರಡು, ಆದೇಶದಲ್ಲಿ ನಮಗೆ ವಿರುದ್ಧವಾಗಿ ಹೇಳಿರುವುದೆಲ್ಲ ಸುಳ್ಳು ಅಂತ ನೀವು ಪ್ರಮಾಣ ಮಾಡಿ ರುಜು ಹಾಕಬೇಕು."

"ಎಲ್ಲಾನೂ ಸುಳ್ಳು ಅನ್ಬೇಕಾ? ಒಬ್ಬಟ್ಟು ಒಂದು ಬಿಟ್ಟು ಮಿಕ್ಕಿದ್ದು ಸುಳ್ಳು ಅಂದ್ರೆ ಆಗಾಕಿಲ್ವಾ?"

"ಹೇಗಾಗುತ್ತೆ ಮರುಳಪ್ಪನೋರೆ? ಒಬ್ಬಟ್ಟು ಚೆನ್ನಾಗಿತ್ತು ಅಂದ್ರೆ ಅವರು ಏಳು ತಿಂದದ್ದು ನಿಜವಾಯ್ತು. ನೀವು ಒಂಬತ್ತು ತಿಂದದ್ದೂ ನಿಜವಾಯ್ತು. ಅಡಚಣೆ ಇಲ್ಲದೆ ತಿಂದರು ಅಂತಾಯ್ತು. ಅದೇ ಒಬ್ಬಟ್ಟು ಚೆನ್ನಾಗಿರಲಿಲ್ಲ, ದಾಕ್ಷಿಣ್ಯಕ್ಕೆ ಕಷ್ಟಪಟ್ಟು ನುಂಗಿದೆವು ಅನ್ನಿ, ಕೇಸು ಮತ್ತೆ ವಾಪಸು ಬರುತ್ತೆ. ಒಬ್ಬಟ್ಟು ನಿಂತರೆ ಕೇಸು ಬೀಳುತ್ತೆ, ಕೇಸು ನಿಲ್ಲಬೇಕಾದರೆ ಒಬ್ಬಟ್ಟು ಬೀಳಬೇಕು. ಕಾನೂನೇ ಹಾಗೆ."

ಈ ಕಾನೂನನ್ನು ಮನೆಯಲ್ಲಿ ಹೇಳಲು ಮರುಳಪ್ಪನಿಗೆ ಗಡುವಿನ ಐವತ್ತೊಂಬತ್ತನೆಯ ದಿನ ಬರಬೇಕಾಯಿತು. ತುರ್ಕರ ಗುಂಡಿನೆದುರು ನಿಂತವನು ಹೇಳಿಬಿಟ್ಟ.

ರುದ್ರಮ್ಮ ಕೂಗಾಡಲಿಲ್ಲ. ಅದು ಇನ್ನೂ ಭಯಂಕರವಾಗಿತ್ತು. "ಸರಿ," ಎಂದಳು. "ನಾಳೆ ಮಧ್ಯಾಹ್ನ ಅರಸೀಕೆರೆ ಮೋಟಾರು ಬತ್ತದೆ. ಬೀಗದ ಕೈ ಕೊಡ್ತೀನಿ, ಹೋಗಿ. ಆದ್ರೆ ಹೋಗಕ್ ಮುಂಚೆ ಒಬ್ಬಟ್ಟು ಮಾಡಿ ಹಾಕ್ತೀನಿ. ತಿಂದು, ಕೊರಳಲ್ಲಿರೋ ಲಿಂಗ ಕೈಯಲ್ಲಿ ಹಿಡ್ದು, ಚೆನ್ನಾಗಿಲ್ಲ ಅಂತ ಒಂದು ಮಾತು ಹೇಳಿ. ಅಲ್ಲಿ ಕಾಗದದ ಮುಂದೆ ಪ್ರಮಾಣ ಮಾಡೋರಿಗೆ ಇಲ್ಲಿ ನನ್ನ ಮುಂದೆ ಏನು ಕಷ್ಟ?"

ಅರುವತ್ತನೆಯ ದಿನ ಮಧ್ಯಾಹ್ನ ಮರುಳಪ್ಪ ಕೋಟು ತೊಟ್ಟು, ಬೂಟು ಬಾಗಿಲಲ್ಲಿಟ್ಟು, ಎಲೆಯ ಮುಂದೆ ಕೂತ. ಎದುರಿಗೆ ಬೀಗದ ಕೈ. ಒಬ್ಬಟ್ಟು ಎಲೆಗೆ ಬಿತ್ತು. ಮುರಿದು ಬಾಯಿಗಿಟ್ಟ. ಐದು ವರ್ಷದ ಹೋರಾಟ, ಹನ್ನೊಂದು ಪುಟದ ಅಪೀಲು, ಜಗಲಿಯ ಒಂಟಿ ಎಲೆ, ಕಲ್ಲೇಶಪ್ಪನ ಮೂಗು, ಎಲ್ಲವೂ ಕಣ್ಮುಂದೆ ಬಂದವು. ಈ ಒಬ್ಬಟ್ಟಿನಲ್ಲಿ ಎಲ್ಲೋ ಒಂದು ದೋಷ ಇರಲೇಬೇಕು. ಅಂಚು ದಪ್ಪವೇ? ಇಲ್ಲ. ಬೆಲ್ಲ ಹೆಚ್ಚೇ? ಇಲ್ಲ. ಒಂದರಿಂದಲೇ ತೀರ್ಪು ಕೊಡುವುದು ನ್ಯಾಯವಲ್ಲವೆಂದು ಪ್ರಕರಣವನ್ನು ಮರುವಿಚಾರಣೆಗೆ ವಾಪಸು ಕಳಿಸಿ, ಎರಡನೆಯದನ್ನು ಹಾಕಿಸಿಕೊಂಡ. ಅದರಲ್ಲೂ ಸಾಕ್ಷ್ಯ ಸಾಲಲಿಲ್ಲ. ಮೂರನೆಯದಕ್ಕೆ ತುಪ್ಪ ಬಿತ್ತು.

ಲಿಂಗವನ್ನು ಅಂಗೈಯಲ್ಲಿ ಹಿಡಿದ. ಬಾಯಿ ತೆರೆದ. ಬಾಯಲ್ಲಿ ಒಬ್ಬಟ್ಟಿತ್ತು.

ಬೀದಿಯಲ್ಲಿ ಅರಸೀಕೆರೆಯ ಮೋಟಾರು ಬಂದು ನಿಂತು, ಎರಡು ಸಲ ಹಾರನ್ ಹಾಕಿತು. ರುದ್ರಮ್ಮ ಸೌಟು ಹಿಡಿದು, ಗಂಡನ ಮುಖವನ್ನೇ ನೋಡುತ್ತ ನಿಂತಿದ್ದಳು. ಸದಾ ನಗುವ ಬೇಲೂರಿನ ಆ ತುಟಿ ಅಂದು ನಗುತ್ತಿರಲಿಲ್ಲ; ಸ್ವಲ್ಪ ನಡುಗುತ್ತಿತ್ತು.

ಮರುಳಪ್ಪ ನುಂಗಿದ. ಲಿಂಗವನ್ನು ಕಣ್ಣಿಗೊತ್ತಿಕೊಂಡು ಕೊರಳಿನ ಕರಡಿಗೆಗೆ ಸೇರಿಸಿದ. ಮೋಟಾರಿನ ಸದ್ದು ಊರಾಚೆಯ ತಿರುವಿನಲ್ಲಿ ಕರಗುವವರೆಗೂ ಕಾದು, ಬೀಗದ ಕೈಯನ್ನು ಅವಳ ಕಡೆಗೆ ತಳ್ಳಿದ.

"ಕಾಯಿಹಾಲು ಎಲ್ಲೇ?" ಎಂದ. "ಇನ್ನೊಂದು ಹಾಕು."